ಕೌದಿಗೆ ಬಿದ್ದ ಅಕ್ಕಿ

ನಾವು ಸಣ್ಣವರಿದ್ದಾಗ ದೇವದುರ್ಗದಲ್ಲಿ ಇಷ್ಟು ಬಿಸಿಲಿರಲಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗಲೂ ಇಷ್ಟೇ ಇತ್ತು. ಮಧ್ಯಾಹ್ನ ಬರಿಗಾಲಲ್ಲಿ ಹೊರಗೆ ಬಿದ್ದರೆ ಒಂದು ಬೇವಿನ ನೆರಳಿನಿಂದ ಇನ್ನೊಂದು ಬೇವಿನ ನೆರಳಿಗೆ ಓಡಬೇಕಾಗುತ್ತಿತ್ತು. ಬೇರೆಯಾಗಿದ್ದದ್ದು ಹೊಗೆ. ನಮ್ಮ ಓಣಿಯಲ್ಲಿ ಗ್ಯಾಸಿನ ಒಲೆ ಇದ್ದದ್ದು ರೈಸ್ ಮಿಲ್ಲಿನ ಗೌರಮ್ಮನವರ ಮನೆಯಲ್ಲಿ ಮಾತ್ರ. ಉಳಿದವರೆಲ್ಲ ಹತ್ತಿ ಕಟ್ಟಿಗೆ, ಸಗಣಿಯ ಕುಳ್ಳು ಉರಿಸುವವರು. ಬೆಳಗಾದರೆ ಒಂದೊಂದೇ ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಏಳುತ್ತಿತ್ತು. ಯಾರ ಮನೆಯ ಹೊಗೆ ತಡವಾಯಿತು, ಯಾರದು ಬೇಗ ನಿಂತಿತು ಎಂಬುದು ಬಾಗಿಲಿಗೆ ನೀರು ಹಾಕುವ ಹೆಂಗಸರಿಗೆಲ್ಲ ಗೊತ್ತಾಗುತ್ತಿತ್ತು. ಗೊತ್ತಾದ ಮೇಲೆ ಸುಮ್ಮನಿರುವ ಜನ ಅವರಲ್ಲ.

ನಮ್ಮ ಮನೆಯ ಹೊಗೆ ಎಲ್ಲರಿಗಿಂತ ಮೊದಲು ಎದ್ದು ಎಲ್ಲರಿಗಿಂತ ಕಡೆಗೆ ನಿಲ್ಲುತ್ತಿತ್ತು. ನಾವು ಏಳು ಮಕ್ಕಳು. ಏಳರಲ್ಲಿ ಒಂದನ್ನೂ ದೊಡ್ಡವ್ವ ಹೆತ್ತಿರಲಿಲ್ಲ. ಅವಳ ಹೆಸರು ಶರಣವ್ವ. ಅವಳ ಗಂಡ ಮಿಲಿಟರಿಯಲ್ಲಿ ಹವಾಲ್ದಾರ್. ನಮಗೆ ಅವನು ದೊಡ್ಡಪ್ಪ. ಬೇರೆ ಸಿಪಾಯಿಗಳು ರಜೆಗೆ ಬರುವಾಗ ಕಂಬಳಿ ತರುತ್ತಿದ್ದರು, ಟ್ರಾನ್ಸಿಸ್ಟರ್ ತರುತ್ತಿದ್ದರು. ದೊಡ್ಡಪ್ಪ ಮಕ್ಕಳನ್ನು ತರುತ್ತಿದ್ದ. ಮೊದಲು ತೀರಿಹೋದ ತಂಗಿಯ ಮಗ ಹನುಮಂತನನ್ನು ತಂದ. ಆಮೇಲೆ ಗಬ್ಬೂರಿನಿಂದ ದಿಕ್ಕಿಲ್ಲದ ಇಬ್ಬರು ಹುಡುಗಿಯರು ಬಂದರು. ಆಮೇಲೆ ನಾನು ಮತ್ತು ನನ್ನ ತಮ್ಮ ಈರಣ್ಣ. ನಮ್ಮಪ್ಪ ಮಾನವಿ ಕಡೆಯವನು, ದೊಡ್ಡಪ್ಪನ ಪಲ್ಟನಿನಲ್ಲೇ ಸಿಪಾಯಿಯಾಗಿದ್ದವನು, ಗಡಿಯಲ್ಲಿ ಗುಂಡು ತಾಗಿ ಹೋಗಿಬಿಟ್ಟ. ಅವ್ವ ಅದಕ್ಕೂ ಮೊದಲೇ, ಈರಣ್ಣನ ಬಾಣಂತನದಲ್ಲಿ ತೀರಿಕೊಂಡಿದ್ದಳು. ದೊಡ್ಡಪ್ಪ ಅಪ್ಪನ ತಗಡಿನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು, ನಮ್ಮಿಬ್ಬರ ಕೈ ಹಿಡಿದುಕೊಂಡು ಬಸ್ಸಿಳಿದದ್ದು ನನಗೆ ಮಸುಕಾಗಿ ನೆನಪಿದೆ. ದೊಡ್ಡವ್ವ ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿದಳು, ಟ್ರಂಕನ್ನು ನೋಡಿದಳು. "ಕಾಲು ತೊಳ್ಕೋರಿ, ರೊಟ್ಟಿ ಆರಾಕತ್ತಾವ" ಎಂದಳು. ಅಷ್ಟೇ ನಮ್ಮ ದತ್ತಕ. ನಮ್ಮ ಹಿಂದೆ ಇನ್ನಿಬ್ಬರು ಸಣ್ಣವರು ಬಂದರು. "ಹವಾಲ್ದಾರ ಇನ್ನೊಮ್ಮಿ ರಜಾಕ ಬಂದ್ರ ಪಡಸಾಲಿ ಸಾಲಂಗಿಲ್ಲ ನೋಡಬೇ" ಎಂದು ಓಣಿಯವರು ಅವಳನ್ನು ಆಡಿಕೊಳ್ಳುತ್ತಿದ್ದರು. ಅವಳು "ಮ್ಯಾಲ ಮಾಳಿಗಿ ಅದಲ್ಲ" ಎನ್ನುತ್ತಿದ್ದಳು.

ನಾನು ಹೇಳಹೊರಟಿರುವುದು ಕಾರ್ಗಿಲ್ ಯುದ್ಧದ ಬೇಸಿಗೆಯ ಮಾತು. ದೊಡ್ಡಪ್ಪನ ಪಲ್ಟನ್ ಅಲ್ಲಿಗೆ ಹೋಗಿತ್ತು. ಸಂಜೆ ನಾವೆಲ್ಲ ಗೌರಮ್ಮನವರ ಪಡಸಾಲೆಯಲ್ಲಿ ಟೀವಿಯ ಮುಂದೆ ಕೂರುತ್ತಿದ್ದೆವು. ಹಿಮದ ಬೆಟ್ಟ ಕಂಡರೆ ಸಾಕು, ಈರಣ್ಣ "ಅಲ್ಲಿ ಅದಾನ ದೊಡ್ಡಪ್ಪ, ಆ ಕಲ್ಲಿನ ಹಿಂದ" ಎಂದು ಬೆರಳು ತೋರಿಸುತ್ತಿದ್ದ. ಹಗಲು ಜೋಳದ ಕಣಿಕೆಯ ಬಣವೆಯನ್ನೇ ಬೆಟ್ಟ ಮಾಡಿಕೊಂಡು ಲಡಾಯಿ ಆಟ. ವೈರಿಯಾಗಲು ಯಾರೂ ಒಪ್ಪುತ್ತಿರಲಿಲ್ಲವಾದ್ದರಿಂದ ಗೌರಮ್ಮನವರ ಆಕಳ ಕರುವನ್ನೇ ವೈರಿ ಮಾಡಿಕೊಂಡಿದ್ದೆವು. ಅದು ಬೆಟ್ಟವನ್ನು ಮೇಯುತ್ತ ನಿಂತಿರುತ್ತಿತ್ತು. ಆಟ ಮುಗಿದ ಮೇಲೆ ದೊಡ್ಡವ್ವ ಮಂಡಾಳಿಗೆ, ಅದೇ ಮಂಡಕ್ಕಿಗೆ, ಒಗ್ಗರಣೆ ಹಾಕಿ, ಹುರಿದ ಶೇಂಗಾ, ಉಳ್ಳಾಗಡ್ಡಿ ಬೆರೆಸಿ, ಒಂದೇ ದೊಡ್ಡ ತಾಟಿನಲ್ಲಿ ಇಡುತ್ತಿದ್ದಳು. ಏಳು ಕೈ ಒಟ್ಟಿಗೆ ಬೀಳುತ್ತಿದ್ದವು. ಆ ಒಗ್ಗರಣೆಯ ಘಾಟು ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ಬಸ್ಸು ತಪ್ಪಿದರೂ ಚಿಂತೆಯಿಲ್ಲ ಎಂದು ನಿಂತುಬಿಡುತ್ತೇನೆ.

ಆಮೇಲೆ ದೊಡ್ಡಪ್ಪನ ಸುದ್ದಿ ನಿಂತಿತು. ಪತ್ರವಿಲ್ಲ, ಮನಿಆರ್ಡರ್ ಇಲ್ಲ. ಪೋಸ್ಟ್‌ಮನ್ ನಮ್ಮ ಮನೆಯ ಮುಂದೆ ಸೈಕಲ್ ತುಳಿಯುವುದನ್ನು ಜೋರು ಮಾಡತೊಡಗಿದ. ಮಂಡಾಳು ನಿಂತಿತು. ರೊಟ್ಟಿ ತೆಳ್ಳಗಾಯಿತು, ಆಮೇಲೆ ನುಚ್ಚಾಯಿತು, ಆಮೇಲೆ ಅಂಬಲಿಯಾಯಿತು. ದೊಡ್ಡವ್ವ ಕೂಲಿಗೆ ಹೋಗಿ ಸಾಕಾಗಿ ಬರುತ್ತಿದ್ದಳು. ಬಂದವಳೇ ಒಲೆಯ ಮುಂದೆ ಕೂತು ಅಂಬಲಿ ತಿರುವುತ್ತ, "ಬ್ಯಾಸಿಗ್ಯಾಗ ಇದ ತಂಪು" ಎನ್ನುತ್ತಿದ್ದಳು. ಹನುಮಂತನಿಗೆ ಹದಿನಾಲ್ಕೋ ಹದಿನೈದೋ. ಅವನು ಅಂಬಲಿಯೊಳಗೆ ನೋಡಿ ಬಟ್ಟಲನ್ನು ಸಣ್ಣವರ ಕಡೆ ಸರಿಸುತ್ತಿದ್ದ.

ಆಗ ನಮ್ಮ ಓಣಿ ಒಂದು ತಪ್ಪು ಮಾಡಿತು. ನಮ್ಮ ಕಡೆಯ ಸಿಪಾಯಿಯೊಬ್ಬ ಬೆಟ್ಟದ ಮೇಲೆ ತೀರಿಹೋದನೆಂದು ಯಾರೋ ರೇಡಿಯೋದಲ್ಲಿ ಕೇಳಿದರಂತೆ. ಆ ಮಾತು ಮಿಲ್ಲಿನಿಂದ ಹಿಟ್ಟಿನ ಗಿರಣಿಗೆ, ಗಿರಣಿಯಿಂದ ಓಣಿಗೆ ಬರುವಷ್ಟರಲ್ಲಿ ಆ ಸಿಪಾಯಿಗೆ ನಮ್ಮ ದೊಡ್ಡಪ್ಪನ ಹೆಸರು ಬಂದಿತ್ತು. ಬೇರೆ ಊರಾದರೆ ಯಾರಾದರೂ ಬಂದು ಕೇಳುತ್ತಿದ್ದರು. ನಮ್ಮಲ್ಲಿ ಕೇಳುವ ಪದ್ಧತಿಯಿಲ್ಲ. ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ರೊಟ್ಟಿ ಬಡಿದು, ಪಲ್ಯ ಮಾಡಿ, ಬುಟ್ಟಿಯ ಮೇಲೆ ಬಿಳಿ ಬಟ್ಟೆ ಮುಚ್ಚಿ ತಂದು ಹೊಸ್ತಿಲ ಹತ್ತಿರ ಇಡುತ್ತಾರೆ. ಮಾತಾಡುವುದಿಲ್ಲ. ಹೋಗುವಾಗ ಬರ್ತೀವಿ ಎನ್ನುವುದಿಲ್ಲ. ಕೇಳಿ ನೋಯಿಸಬಾರದೆಂದು ಮಾಡಿಕೊಂಡ ಪದ್ಧತಿ ಅದು, ಒಳ್ಳೆಯದೇ. ಆದರೆ ಅದರಿಂದಾಗಿ ಸುಳ್ಳು ಸುದ್ದಿಯನ್ನು ತಡೆಯುವ ಬಾಯಿ ಒಂದೂ ಇರಲಿಲ್ಲ.

ಒಂದು ದಿನ ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲಲ್ಲಿ ನಾಲ್ಕೈದು ಬುಟ್ಟಿ. ಎದುರಿಗೆ ಗೌರಮ್ಮನವರು ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು, ಹಿಂದೆ ಉಳಿದ ಹೆಂಗಸರು. ಬಿಸಿ ರೊಟ್ಟಿಯ ವಾಸನೆ, ಪುಂಡಿಪಲ್ಯದ ಹುಳಿ, ಬೆಳ್ಳುಳ್ಳಿ. ನಮಗೆ ಬಾಯಲ್ಲಿ ನೀರೂರಿತು. ಸಾವಿನ ಬುಟ್ಟಿ ಎಂಬುದು ನಮಗೇನು ಗೊತ್ತು? ಈರಣ್ಣ ಬಟ್ಟೆ ಸರಿಸಿ ರೊಟ್ಟಿಗೆ ಕೈ ಹಾಕಿದ. ದೊಡ್ಡವ್ವ ಅವನ ಮಣಿಕಟ್ಟು ಹಿಡಿದಳು. ಹೊಡೆಯಲಿಲ್ಲ. ಹಿಡಿದುಕೊಂಡೇ ಗೌರಮ್ಮನವರನ್ನು ನೋಡಿದಳು.

"ಯಾರು ಸತ್ತಾರಂತ ತಂದೀರಿ?"

ಗೌರಮ್ಮನವರು ಬುಟ್ಟಿಗಳ ಕಡೆ ನೋಡಿದರು.

"ನನಗ ಯಾರೂ ಹೇಳಿಲ್ಲ. ತಾರ್ ಬಂದಿಲ್ಲ, ಸಾಹೇಬರು ಬಂದಿಲ್ಲ. ನನ್ನ ಮನಿ ಒಲಿ ಹತ್ತೇದ, ನೋಡ್ರಿ ಮ್ಯಾಲ." ಅವಳು ಮಾಳಿಗೆಯತ್ತ ಕೈ ತೋರಿಸಿದಳು. ಅಂಬಲಿಯ ಒಲೆಯ ಬಡ ಹೊಗೆ ಏಳುತ್ತಿತ್ತು. "ನಿಮ್ಮ ರೊಟ್ಟಿ ದೊಡ್ಡವು. ಆದ್ರ ಈ ರೊಟ್ಟಿ ನನ್ನ ಮಕ್ಕಳು ತಿಂದ್ರ ಅಂವ ಸತ್ತಂಗ. ತಗೊಂಡ ಹೋಗ್ರಿ."

ಬುಟ್ಟಿಗಳು ಹೋದವು. ಈರಣ್ಣ ಬುಟ್ಟಿಗಳು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ನೋಡಿದ. ನನಗೆ ದೊಡ್ಡವ್ವನ ಮೇಲೆ ಎಂಥ ಸಿಟ್ಟು ಬಂದಿತ್ತೆಂದರೆ ಅಂದು ಅಂಬಲಿ ಮುಟ್ಟಲಿಲ್ಲ. ಮುಟ್ಟದಿದ್ದುದರಿಂದ ಈರಣ್ಣನಿಗೆ ಹೆಚ್ಚು ಸಿಕ್ಕಿತು, ಅಷ್ಟೇ.

ಸುದ್ದಿ ಮಾನವಿಗೂ ಮುಟ್ಟಿತು. ವಾರದಲ್ಲೇ ನಮ್ಮ ಸೋದರಮಾವ ಬಂದ. ಕೆಟ್ಟವನಲ್ಲ. ಬರುವಾಗ ಬಾಳೆಹಣ್ಣು ತಂದಿದ್ದ, ಚಹಾ ಕೊಟ್ಟರೆ ಸಕ್ಕರೆ ಕಡಿಮೆಯಾದದ್ದನ್ನು ಎತ್ತಿ ಆಡಲಿಲ್ಲ. ಆದರೆ ಮಾತಿಗೆ ಬಂದ.

"ಅಕ್ಕಾ, ನೀವೊಬ್ರ ಏಳು ಹೊಟ್ಟಿ ಹ್ಯಾಂಗ ತುಂಬಸ್ತೀರಿ? ಈರಣ್ಣನ್ನ ನಾ ಕರ್ಕೊಂಡು ಹೋಗ್ತೀನಿ. ಗಂಡು ಹುಡುಗ, ಹೊಲಕ ಆಗ್ತಾನ. ಮಾದೇವಿನ್ನ ರಾಯಚೂರಾಗ ಹಾಸ್ಟೆಲ್ಲಿಗೆ ಸೇರಸೂಣು. ಉಳಿದೋರನ್ನ ಅವರವರ ಮಂದಿ ನೋಡ್ಕೊಂತಾರ."

ಮಾದೇವಿ ಎಂದರೆ ನಾನು. ಹಾಸ್ಟೆಲ್ಲು ಕೆಟ್ಟದ್ದೆಂದಲ್ಲ, ಈರಣ್ಣನಿಲ್ಲದ ಕಡೆ ನಾನು ಮಲಗಿದ್ದೇ ಇರಲಿಲ್ಲ. ನಾನು ಕಂಬದ ಹಿಂದೆ ನಿಂತು ದೊಡ್ಡವ್ವನ ಮುಖ ನೋಡುತ್ತಿದ್ದೆ. ಅವಳು ಮೊರದಲ್ಲಿದ್ದ ನುಚ್ಚಿನೊಳಗೆ ಕೈಯಾಡಿಸಿದಳು. ರಕ್ತಸಂಬಂಧದ ಮಾವ ಕೇಳಿದರೆ ಇಲ್ಲ ಎನ್ನಲು ಅವಳ ಹತ್ತಿರ ಏನಿತ್ತು?

"ನೀನು ತಾಯಿ ಕಡೆಯಾಂವ, ಯಪ್ಪಾ. ನಿನಗ ಹಕ್ಕದ," ಎಂದಳು ಕಡೆಗೆ. "ಆದ್ರ ಒಂದು ಮಾತು. ನನ್ನ ಒಲಿ ಆರಿದ ದಿನ ಬಂದು ಕರ್ಕೊಂಡು ಹೋಗು. ಹತ್ತಿ ಉರಿಯೋತನಕ ಯಾರನ್ನೂ ಬಿಡಂಗಿಲ್ಲ."

ಮಾವ ಗೋಣು ಹಾಕಿದ. "ಮಣ್ಣೆತ್ತಿನ ಅಮಾಸಿ ಕಳೀಲಿ. ಬಂದು ನೋಡ್ತೀನಿ."

ಅಂದಿನಿಂದ ನಮಗೆ ಒಲೆ ಕಾಯುವುದೇ ಕೆಲಸ. ಏಳೂ ಮಕ್ಕಳು ಹತ್ತಿ ಕಟ್ಟಿಗೆ ಆಯಲು, ಕುಳ್ಳು ಹೆಕ್ಕಲು ಓಡಾಡಿದೆವು. ಉರುವಲಿಗೇನು, ಸಿಗುತ್ತಿತ್ತು. ಕಾಳು ತುಂಬಿಡುವ ಗುಮ್ಮಿಯ ತಳದಲ್ಲಿ ಜೋಳ ಕೈಗೆ ಸಿಗುವುದು ಕಷ್ಟವಾಗಿತ್ತು. ಒಂದು ದಿನ ದೊಡ್ಡವ್ವ ಬರೀ ನೀರು ಕಾಯಿಸಿದ್ದನ್ನು ಕಂಡೆ. ಮುಚ್ಚಳ ಮುಚ್ಚಿ, ಒಲೆಗೆ ಕಟ್ಟಿಗೆ ಒಟ್ಟುತ್ತ ಕೂತಿದ್ದಳು, ಮೇಲೆ ಹೊಗೆ ಹೋಗಲೆಂದು. ನನ್ನನ್ನು ನೋಡಿ, "ನಿನ್ನ ತಲಿಗೆ ನೀರು ಹಾಕಾಕ" ಎಂದಳು. ಹಾಕಿದಳು ಕೂಡ, ಹಸಿದ ಹೊಟ್ಟೆಯ ಮೇಲೆ ತಲೆತುಂಬ ಬಿಸಿನೀರು.

ಹೊಗೆಯ ಲೆಕ್ಕ ಓದಬಲ್ಲ ಓಣಿಗೆ ಇದು ತಿಳಿಯದೇ ಇರುತ್ತದೆಯೇ? ಒಗ್ಗರಣೆಯ ವಾಸನೆಯಿಲ್ಲದ ಹೊಗೆ ಅದು. ಆದರೆ ಬುಟ್ಟಿ ತರುವ ಧೈರ್ಯ ಯಾರಿಗೂ ಇರಲಿಲ್ಲ.

ಒಂದು ಶುಕ್ರವಾರ ಬೆಳಿಗ್ಗೆ ಗೌರಮ್ಮನವರು ಬಂದರು. ಅವರದು ಗಟ್ಟಿ ಆಳು, ಗಟ್ಟಿ ದನಿ. ಅಂದು ಇಳಕಲ್ ಸೀರೆ ಉಟ್ಟು, ಕೈಯಲ್ಲಿ ಹಿತ್ತಾಳೆ ತಾಟು ಹಿಡಿದಿದ್ದರು. ತಾಟಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಹಸಿರು ಕುಪ್ಪಸದ ಖಣ.

"ಶರಣವ್ವಾ, ಮಣಿ ಹಾಕು. ನಿನಗ ಉಡಿ ತುಂಬಬೇಕು."

ದೊಡ್ಡವ್ವ ಒಲೆಯ ಮುಂದಿನಿಂದ ಎದ್ದಳು. "ನನಗ್ಯಾಕ್ರೀ ಅಮ್ಮಾರ. ಓಣ್ಯಾಗ ಬ್ಯಾರೆ ಮುತ್ತೈದೇರು ಇಲ್ಲೇನು?"

"ಅದಾರ. ಗಂಡನ್ನ ಗುಡ್ಡದ ಮ್ಯಾಲ ಕಳಿಸಿ ಕುಂತಾಕಿ ನೀನೊಬ್ಬಾಕಿ. ಅಂವ ಜ್ವಾಕಿಲೆ ಬರ್ಲಿ ಅಂತ ನಾ ಶರಣರಿಗೆ ಬೇಡ್ಕೊಂಡೀನಿ. ಉಡಿ ಒಲ್ಲೆ ಅಂತೀಯೇನು?"

ಉಡಿಯನ್ನು ಗಂಡನಿದ್ದವಳಿಗೇ ತುಂಬುವುದು ಅವರ ಕಾಲದ ಪದ್ಧತಿ. ಅದನ್ನು ಬೇಡವೆಂದರೆ ತನ್ನ ಗಂಡ ಇಲ್ಲವೆಂದು ತಾನೇ ಹೇಳಿದಂತೆ. ಬಿಳಿ ಬಟ್ಟೆ ಮುಚ್ಚಿದ ಮೊದಲ ಬುಟ್ಟಿ ತಂದದ್ದು ಈ ಗೌರಮ್ಮನವರೇ. ಅವರು ಎಷ್ಟು ರಾತ್ರಿ ನಿದ್ದೆಗೆಟ್ಟು ಈ ದಾರಿ ಹುಡುಕಿದರೋ ಏನೋ. ದೊಡ್ಡವ್ವನ ಕೈ ಕೊರಳ ತಾಳಿಗೆ ಹೋಯಿತು. ಮಣೆ ಹಾಕಿ, ಕೂತು, ಸೆರಗು ಒಡ್ಡಿದಳು.

ಗೌರಮ್ಮನವರು ಐದು ಹಿಡಿ ಅಕ್ಕಿ ಹಾಕಿದರು. ಅಲ್ಲಿಗೆ ಶಾಸ್ತ್ರ ಮುಗಿಯಬೇಕು. ಅವರು ಬಾಗಿಲ ಕಡೆ ತಿರುಗಿ, "ಲೇ ಹನುಮಂತ, ಗಾಡ್ಯಾಗಿನ ಚೀಲ ತಾರೋ" ಎಂದು ಕೂಗಿದರು.

"ಇದೇನ್ರೀ?"

"ನಾ ಬೇಡ್ಕೊಂಡದ್ದು ಹಿಡಿ ಅಲ್ಲವಾ, ಚೀಲ."

"ಉಡ್ಯಾಗ ಹಿಡಿಸಂಗಿಲ್ರೀ, ಸೆರಗು ಹರೀತದ."

"ಹರೀತದಂದ್ರ ಕೌದಿ ಹಿಡೀರಿ ಮ್ಯಾಲ. ಏಳು ಮಂದಿ ಮಕ್ಕಳ್ನ ಯಾತಕ ಸಾಕೀದಿ?"

ನಾವು ಹಾಸಿಗೆಯ ಕೌದಿ ಎಳೆದು ತಂದು ದೊಡ್ಡವ್ವನ ತೊಡೆಯ ಮೇಲೆ ಹರಡಿ ಸುತ್ತಲೂ ಹಿಡಿದು ನಿಂತೆವು. ಹನುಮಂತ ಚೀಲ ಬಗ್ಗಿಸಿದ. ಅಕ್ಕಿ ಸರ್ರನೆ ಬಿತ್ತು. ಹೊಸ ಅಕ್ಕಿಯ ತೌಡಿನ ವಾಸನೆ ಪಡಸಾಲೆ ತುಂಬಿತು, ಕೌದಿ ಕೆಳಗೆ ಜಗ್ಗಿತು, ಈರಣ್ಣ ತನ್ನ ಮೂಲೆ ಬಿಡಲಾರದೆ ನಗತೊಡಗಿದ. ದೊಡ್ಡವ್ವ ಅತ್ತದ್ದನ್ನು ನಾನು ಕಂಡದ್ದು ಅಂದೇ ಮೊದಲು. ಗೌರಮ್ಮನವರು ಅವಳ ಹಣೆಗೆ ಕುಂಕುಮ ಹಚ್ಚಿ, "ಬರ್ತೀನವಾ" ಎಂದು ಹೇಳಿ ಹೋದರು. ಈ ಸಲ ಹೇಳಿ ಹೋದರು.

ಒಬ್ಬರು ಬೇಡಿಕೊಂಡರೆ ಇನ್ನೊಬ್ಬರು ಬಿಡುತ್ತಾರೆಯೇ? ಮಂಗಳವಾರ, ಶುಕ್ರವಾರ ಬಂದರೆ ನಮ್ಮ ಪಡಸಾಲೆಯಲ್ಲಿ ಕೌದಿ. ಗಿರಣಿಯವರು ಬೇಡಿಕೊಂಡರು. ಬಳೆಗಾರರ ಹೆಂಡತಿ ಬೇಡಿಕೊಂಡಳು, ಬಳೆಯನ್ನೂ ತೊಡಿಸಿದಳು. ಗಾರೆ ಕೆಲಸದ ದುರುಗವ್ವ ರೇಷನ್ ಅಕ್ಕಿಯನ್ನು ಟವೆಲಿನಲ್ಲಿ ಕಟ್ಟಿಕೊಂಡು ಬಂದು ಹೊರಗೇ ನಿಂತಳು. "ಹೊಸ್ತಿಲಾಚೆ ನಿಂತು ಉಡಿ ತುಂಬ್ತಾರೇನಬೇ, ಒಳಗ ಬಾ" ಎಂದು ದೊಡ್ಡವ್ವ ಕೈ ಹಿಡಿದು ಕರೆತಂದಳು. ಆ ದಿನಗಳಲ್ಲಿ ಅದು ಸಣ್ಣ ಮಾತಲ್ಲ. ಒಂದಿಬ್ಬರು ಮುಖ ಗಂಟು ಹಾಕಿದರು, ದೊಡ್ಡವ್ವ ಆ ಕಡೆ ನೋಡಲೇ ಇಲ್ಲ.

ಮಿಲ್ಲಿನ ಸಣ್ಣಕ್ಕಿ, ರೇಷನ್ನಿನ ದಪ್ಪಕ್ಕಿ, ಯಾರದೋ ಮನೆಯ ಹಳೆಯ ಅಕ್ಕಿ, ಚಂದ್ರಬಂಡದ ಬೀಗರು ಯಾರಿಗೋ ಕಳಿಸಿದ್ದ ಹೊಸ ಅಕ್ಕಿ, ಎಲ್ಲ ಒಂದೇ ಕೌದಿಗೆ ಬಿದ್ದು ಒಂದೇ ಗುಮ್ಮಿ ಸೇರಿತು. ಅದರ ಅನ್ನ ಹೇಗಾಗುತ್ತಿತ್ತು ಅಂತೀರಿ? ಒಂದಿಷ್ಟು ಕರಗಿ ಗಂಜಿ, ಒಂದಿಷ್ಟು ಹಲ್ಲಿಗೆ ಕಟಕ್. "ಯವ್ವಾ, ಬ್ಯಾರೆ ಬ್ಯಾರೆ ಮಾಡಿ ಅಟ್ಟರ ಆಗಂಗಿಲ್ಲೇನು" ಎಂದು ನಾನು ಕೇಳಿದೆ. "ಯಾರದು ಯಾವುದಂತ ಆರಿಸ್ಲಿ? ಕೂಡಿ ಬಂದದ, ಕೂಡೇ ಬೇಯ್ಲಿ" ಎಂದಳು. ನಾವು ಅದನ್ನೇ ಹುಳಿಸಾರಿನಲ್ಲಿ ಕಲಸಿ, ಬೆರಳು ನೆಕ್ಕಿ ಉಂಡೆವು.

ಮಣ್ಣೆತ್ತಿನ ಅಮಾವಾಸ್ಯೆ ಬಂತು. ಎರೆಮಣ್ಣು ತಂದು ಎತ್ತು ಮಾಡಿದೆವು. ಎಲ್ಲರ ಎತ್ತುಗಳಿಗೂ ಜೋಳದ ಕಾಳಿನ ಕಣ್ಣು; ಈರಣ್ಣನ ಎತ್ತಿಗೆ ಮಾತ್ರ ಕೌದಿಯಿಂದ ಉದುರಿದ ಅಕ್ಕಿಯ ಕಣ್ಣು, ಬಿಳಿಗಣ್ಣು ಬಿಟ್ಟುಕೊಂಡು ನಿಂತಿತ್ತು. ಮರುದಿನ ಮಾವ ಬಂದ. ನಾನು ಮಾಳಿಗೆಯಿಂದ ನೋಡುತ್ತಿದ್ದೆ. ಓಣಿಯ ತಿರುವಿನಲ್ಲೇ ನಿಂತು ಮೊದಲು ಹೊಗೆ ನೋಡಿದ.

ಕೈಕಾಲು ತೊಳೆದು ಊಟಕ್ಕೆ ಕೂತ. ಈರಣ್ಣ ಮಣ್ಣಿನ ಎತ್ತನ್ನು ಎದೆಗವಚಿಕೊಂಡು ಅವನ ಎದುರಿಗೆ ನಿಂತು, "ಮಾಮಾ, ಅಕ್ಕನ್ನೂ ಮಾನ್ವಿಗೆ ಕರ್ಕೊಂಡು ಹೋಗ್ತೀಯೇನು" ಎಂದು ಕೇಳಿದ. ಮಾವ ತಾಟಿಗೆ ಕೈ ಹಾಕಿದ. ಎರಡು ತುತ್ತು ಉಂಡು, ಬಾಯಲ್ಲಿ ಏನೋ ತಡೆದವನಂತೆ ನಿಲ್ಲಿಸಿದ.

"ಅಕ್ಕಾ, ಅನ್ನ ಒಂಥರಾ ಆಗ್ಯದಲ್ಲ."

"ಒಂದು ಮನೀದಲ್ಲಪ್ಪ ಅದು," ಎಂದಳು ದೊಡ್ಡವ್ವ. ಮೂಲೆಯ ಗುಮ್ಮಿ ತೋರಿಸಿದಳು. ಯಾರು ಯಾರು ಉಡಿ ತುಂಬಿದರೆಂದು ಹೇಳಿದಳು.

ಮಾವ ತಲೆ ತಗ್ಗಿಸಿ ತಾಟಿನಲ್ಲಿದ್ದ ಒಂದು ಅಗುಳನ್ನೂ ಬಿಡದೆ ಉಂಡ. ಎದ್ದು ಕೈ ತೊಳೆದು, ಈರಣ್ಣನ ತಲೆಯ ಮೇಲೆ ಕೈಯಿಟ್ಟ. "ಎತ್ತು ಚಲೋ ಮಾಡೀದಿಲೇ. ಇಲ್ಲೇ ಇರು" ಎಂದ. ಅಷ್ಟೇ. ನಾನು ಮಾಳಿಗೆಯ ಮೆಟ್ಟಿಲಲ್ಲಿ ಕೂತು ಹೋ ಎಂದು ಅತ್ತೆ. ಮುಂದಿನ ಶುಕ್ರವಾರ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಬಸ್ಸಿನ ಮೇಲಿಂದ ಮಾನವಿಯ ಅಕ್ಕಿ ಚೀಲ ಇಳಿಯಿತು. ಅದೂ ಕೌದಿಗೆ ಬಿತ್ತು.

ದೊಡ್ಡಪ್ಪನ ಸುದ್ದಿ ಬಂದದ್ದು ಮಳೆ ಹಿಡಿದ ಮೇಲೆ, ಮಿಲ್ಲಿನ ಫೋನಿಗೆ. ಹಿಮದಲ್ಲಿ ಕಾಲು ಕೆಟ್ಟು ದೂರದ ಮಿಲಿಟರಿ ಆಸ್ಪತ್ರೆಯಲ್ಲಿದ್ದನಂತೆ. ಗೌರಮ್ಮನವರು ಕೆಸರಲ್ಲಿ ಬರಿಗಾಲಲ್ಲೇ ಬಂದರು. ಅಷ್ಟು ದಪ್ಪದ ಹೆಂಗಸು ಓಡಿದ್ದನ್ನು ಓಣಿ ಅದಕ್ಕೆ ಮೊದಲು ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ದಸರೆಯ ಸುಮಾರಿಗೆ ದೊಡ್ಡಪ್ಪ ರಾಯಚೂರಿನ ಬಸ್ಸಿನಿಂದ ಇಳಿದ. ಬಲಗಾಲಿನ ಬೆರಳುಗಳಿರಲಿಲ್ಲ, ಕೋಲಿತ್ತು. ಈ ಸಲ ಜೊತೆಯಲ್ಲಿ ಮಕ್ಕಳಿರಲಿಲ್ಲ. ಉಣ್ಣಲು ಕೂತವನು ಮೊದಲ ತುತ್ತಿಗೇ ತಲೆಯೆತ್ತಿದ.

"ಇದ್ಯಾ ಊರಿನ ಅಕ್ಕಿನೇ?"

"ನಮ್ಮ ಓಣೀದು," ಎಂದಳು ದೊಡ್ಡವ್ವ.

ದೊಡ್ಡಪ್ಪ ಆಮೇಲೆ ಬಹಳ ವರ್ಷ ಬಾಳಿ, ನಮ್ಮ ಏಳೂ ಜನರ ಮದುವೆ ಕಂಡು, ಮೊನ್ನೆ ಮೊನ್ನೆ ತೀರಿಕೊಂಡ. ನಾವೆಲ್ಲ ದೇವದುರ್ಗದಲ್ಲಿ ಸೇರಿದ್ದೆವು. ಗೌರಮ್ಮನವರು ಹೋಗಿ ಎಷ್ಟೋ ಕಾಲವಾಗಿದೆ, ಮಿಲ್ಲಿನ ಜಾಗದಲ್ಲಿ ಅಂಗಡಿ ಸಾಲು ಎದ್ದಿದೆ. ಓಣಿಯ ಎಲ್ಲ ಮನೆಗೂ ಗ್ಯಾಸ್ ಬಂದಿದೆ, ಅದಕ್ಕೆ ಹೊಟ್ಟೆಯುರಿಯುವವಳು ನಾನಲ್ಲ. ಕುಳ್ಳಿನ ಹೊಗೆಗೆ ಕಣ್ಣು ಕೊಟ್ಟವರಿಗೇ ಗ್ಯಾಸಿನ ಸುಖ ಗೊತ್ತು. ಆದರೆ ಈಗ ಯಾವ ಮನೆಯಲ್ಲಿ ಒಲೆ ಹತ್ತಿದೆ, ಯಾವುದರಲ್ಲಿ ಇಲ್ಲ ಎಂದು ಹೊರಗಿನಿಂದ ಯಾರಿಗೂ ತಿಳಿಯುವುದಿಲ್ಲ. ಬಹಳಷ್ಟು ಮಂದಿ ಫೋನ್ ಮಾಡಿ ವಿಚಾರಿಸಿದರು. ರೊಟ್ಟಿಬುಟ್ಟಿ ಬಂದದ್ದು ಒಂದೇ, ದುರುಗವ್ವನ ಮಗಳ ಮನೆಯಿಂದ. ಅವಳು ಈಗ ಶಾಲೆಯ ಟೀಚರು. ಬುಟ್ಟಿಯನ್ನು ಹೊಸ್ತಿಲಲ್ಲಿಟ್ಟು ಮಾತಾಡದೆ ನಿಂತಳು. ದೊಡ್ಡವ್ವ ತಾನೇ ಎದ್ದು ಹೋಗಿ ಬಿಳಿ ಬಟ್ಟೆ ಸರಿಸಿದಳು. ಒಂದು ರೊಟ್ಟಿ ತೆಗೆದು, ಈಗ ಎರಡು ಮಕ್ಕಳ ತಂದೆಯಾದ ಈರಣ್ಣನ ಕೈಗೆ ಕೊಟ್ಟಳು.

"ಅವತ್ತು ಬಿಡಿಸ್ಕೊಂಡಿದ್ದೆ. ಇವತ್ತು ತಿನ್ನಪ್ಪ."

ಈರಣ್ಣ ರೊಟ್ಟಿ ಹಿಡಿದುಕೊಂಡು ಸಣ್ಣ ಹುಡುಗನಂತೆ ಅತ್ತ.

ಈಗ ದೊಡ್ಡವ್ವ ರಾಯಚೂರಿನಲ್ಲಿ ನನ್ನ ಮನೆಯಲ್ಲಿದ್ದಾಳೆ. ಸರದಿಯ ಮೇಲೆ ಏಳು ಮನೆ ತಿರುಗುತ್ತಾಳೆ. ನನ್ನ ಸರದಿ ಮುಗಿಯಿತೆಂದು ಈರಣ್ಣ ಈಗಾಗಲೇ ಜಗಳ ತೆಗೆದಿದ್ದಾನೆ. ನಾನು ತರುವ ಅಕ್ಕಿ ಅಂಗಡಿಯದು, ಒಂದು ಕಾಳು ಇನ್ನೊಂದು ಕಾಳಿನ ಹಾಗೇ. ಅನ್ನ ಮಲ್ಲಿಗೆ ಹೂವಾಗುತ್ತದೆ. ದೊಡ್ಡವ್ವ ಉಣ್ಣುತ್ತಾಳೆ, ಏನೂ ಅನ್ನುವುದಿಲ್ಲ.

ಹೋದ ವಾರ ನಮ್ಮ ಏಳೂ ಮನೆಯವರು ಇಲ್ಲಿ ಕೂಡಿದ್ದೆವು. ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲರೂ ತಮ್ಮ ತಮ್ಮ ಮನೆಯಿಂದ ಒಂದೊಂದು ಚೀಲ ಅಕ್ಕಿ ತಂದಿದ್ದರು. ಹನುಮಂತ ಹಳೆಯ ಕೌದಿ ಹಾಸಿದ. ಅಂದಿನ ಹಾಗೇ ದೊಡ್ಡವ್ವನನ್ನು ಮಣೆಯ ಮೇಲೆ ಕೂರಿಸಿದೆವು. "ಹುಚ್ಚಿ, ಗಂಡ ಇಲ್ಲದಾಕಿಗೆ ಉಡಿ ತುಂಬ್ತಾರೇನ" ಎಂದು ಅವಳು ನನ್ನನ್ನು ಗದರಿಸಿದಳು. "ಮಕ್ಕಳಿದ್ದಾಕಿಗೆ ತುಂಬ್ತಾರ, ಸುಮ್ನ ಕುಂದ್ರು" ಎಂದೆ. ಅವಳು ಕೂತಳು.

ಮಧ್ಯಾಹ್ನ ಅದೇ ಅಕ್ಕಿಯ ಅನ್ನ. ನನ್ನ ಮಗಳು ಎರಡು ತುತ್ತಿಗೆ ಮುಖ ಹಿಂಡಿ, "ಅವ್ವಾ, ಅನ್ನ ಬರೋಬರಿ ಬೆಂದಿಲ್ಲ" ಎಂದಳು. ದೊಡ್ಡವ್ವ ಅಗಿಯಲಾರದ ಬಾಯಲ್ಲಿ ನಿಧಾನವಾಗಿ ಅಗಿದಳು, ನುಂಗಿದಳು, ತಾಟನ್ನು ನನ್ನ ಕಡೆ ಸರಿಸಿದಳು.

"ಚಲೋ ಆಗ್ಯದ," ಎಂದಳು. "ಇನ್ನೊಂದೀಟು ಹಾಕು."